ತಂಗಿಯ ಪಾಲಿನ ಪಾರ್ಕು

ಆಗ ನಾನು ಮೂಡುಬಿದಿರೆಯಲ್ಲಿ ಒಬ್ಬ ಇಂಜಿನಿಯರರ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಜಾಗವನ್ನು ಸೈಟುಗಳಾಗಿ ವಿಂಗಡಿಸುವ ನಿಯಮ ಆಗಷ್ಟೇ ಬದಲಾಗಿತ್ತು. ರಸ್ತೆಯ ಜೊತೆಗೆ ಪಾರ್ಕಿಗೂ ಜಾಗ ಬಿಡದಿದ್ದರೆ ಮಂಜೂರಾತಿ ಇಲ್ಲ.

ಒಂದು ದಿನ ಇಬ್ಬರು ಅಣ್ಣಂದಿರು ತಂಗಿ ವಾರಿಜಳನ್ನು ಕರೆದುಕೊಂಡು ಬಂದರು. ತಾಯಿಯ ಕಡೆಯಿಂದ ಬಂದ ಜಾಗ, ಮೂರು ಪಾಲು ಆಗಬೇಕಿತ್ತು. ಗಂಡ ತೀರಿಹೋದ ಮೇಲೆ ವಾರಿಜ ಬೀಡಿ ಕಟ್ಟಿಕೊಂಡು ಬಾಡಿಗೆ ಮನೆಯಲ್ಲಿದ್ದಳು. ತನ್ನ ಪಾಲಿನಲ್ಲಿ ಒಂದು ಸಣ್ಣ ಮನೆ ಕಟ್ಟುವ ಆಸೆ ಅವಳದ್ದು.

“ಪಾರ್ಕಿಗೆ ಮೂರು ಪಾಲಿನಿಂದಲೂ ಸ್ವಲ್ಪ ಸ್ವಲ್ಪ ತೆಗೆಯುವ,” ಎಂದೆ.

“ಎಲ್ಲರದ್ದೂ ಯಾಕೆ ಹಾಳು ಮಾಡುವುದು ಮೇಡಂ? ಇವಳ ಪಾಲಿನಲ್ಲೇ ಇರಲಿ,” ಎಂದರು ದೊಡ್ಡಣ್ಣ.

“ಮನೆ ಕಟ್ಟಲಿಕ್ಕೆ ಜಾಗವೇ ಉಳಿಯುವುದಿಲ್ಲವಲ್ಲ, ಮತ್ತೆ ನಾನು ಎಲ್ಲಿರುವುದು ಅಣ್ಣ?”

“ನಮ್ಮ ಮನೆ ಇಲ್ವಾ ಮಾರಾಯ್ತಿ? ಎದುರಿಗೆ ಪಾರ್ಕು ಬೇರೆ ಉಂಟು!”

ವಾರಿಜ ನನ್ನ ಕಡೆ ತಿರುಗಿದಳು. “ಅಲ್ಲಿ ಬೆಂಚು ಹಾಕ್ತಾರಾ ಅಕ್ಕ? ಅತ್ತಿಗೆಯವರಿಗೆ ಸಿಟ್ಟು ಬಂದಾಗ ನನಗೆ ಕೂತುಕೊಳ್ಳಲಿಕ್ಕೆ.”

ಅಣ್ಣಂದಿರು ಜೋರಾಗಿ ನಕ್ಕರು. ಇಂಥ ನಕ್ಷೆ ನಾನು ಬರೆಯುವುದಿಲ್ಲ ಎಂದೆ. ಇಂಜಿನಿಯರರೇ ಕೂತು ಬರೆದುಕೊಟ್ಟರು. ಅಣ್ಣಂದಿರನ್ನು ಎದುರು ಹಾಕಿಕೊಳ್ಳಲಾಗದೆ ವಾರಿಜ ಸಹಿ ಹಾಕಿದಳು. ಮಂಜೂರು ಮಾಡುವವರು ಒಂದು ತಕರಾರೂ ತೆಗೆಯಲಿಲ್ಲ. ಪಾರ್ಕು ಇದೆಯೇ ಎಂದು ನೋಡುವುದಷ್ಟೇ ಅವರ ಕೆಲಸ, ಯಾರ ಪಾಲಿನದ್ದು ಎಂದಲ್ಲ.

ಮೊನ್ನೆ ಆ ದಾರಿಯಲ್ಲಿ ಹೋದೆ. ಅಣ್ಣಂದಿರ ಎರಡು ತಾರಸಿ ಮನೆಗಳು ಎದ್ದಿವೆ. ಪಾರ್ಕಿನ ಜಾಗದಲ್ಲಿ ಪೊದೆ ಬೆಳೆದಿದೆ. ವಾರಿಜ ಈಗಲೂ ಬಾಡಿಗೆ ಮನೆಯಲ್ಲೇ ಇದ್ದಾಳಂತೆ. ಪಾರ್ಕಿನಲ್ಲಿ ಯಾರೂ ಮನೆ ಕಟ್ಟಬಾರದು ಎಂಬ ಒಂದು ನಿಯಮವನ್ನಾದರೂ ನಮ್ಮೂರಿನವರು ಚಾಚೂ ತಪ್ಪದೆ ಪಾಲಿಸಿದ್ದಾರೆ.