ಬಿಲ್ಲೇ ಇರಲಿ ಮಾವ

ಕೋಲ್ಬಿ ಊರವರೆಲ್ಲರ ಎಲ್ಕ್ ಕತ್ತರಿಸಿದವನು, ತನ್ನದೆಂದು ಒಂದನ್ನೂ ಕತ್ತರಿಸಿದವನಲ್ಲ. ಸೆಪ್ಟೆಂಬರ್ ಬಂತೆಂದರೆ ನೆಟ್ಟಿಯ ಮಾಂಸದಂಗಡಿಯ ಹಿಂಬಾಗಿಲಿಗೆ ಬೇಟೆಗಾರರ ಟ್ರಕ್ಕುಗಳು ಸಾಲುಗಟ್ಟುತ್ತವೆ. ಕುದುರೆಯಷ್ಟು ದೊಡ್ಡ ಈ ಕಡವೆಗಳನ್ನು ತೊಡೆ, ಬೆನ್ನು, ಪಕ್ಕೆ ಎಂದು ಬಿಡಿಸಿ, ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ಹೊಡೆದವನ ಹೆಸರು ಬರೆಯುವುದು ಅವನ ಕೆಲಸ. ಬೆಟ್ಟ ಹತ್ತಿ ಬಂದವರ ಕತೆಗಳನ್ನು ಕೇಳಿ ಕೇಳಿ ಅವನಿಗೆ ತಾನೂ ಬೇಟೆಗಾರನೆಂಬ ಭ್ರಮೆ ಹತ್ತಿತ್ತು, ಮದುವೆ ಮನೆಯಲ್ಲಿ ಎಲೆ ಹಾಕುವವನಿಗೆ ತಾನೇ ಮದುಮಗ ಅನ್ನಿಸಿದ ಹಾಗೆ. ಸಂಬಳ ಉಳಿಸಿ ಬಿಲ್ಲೊಂದನ್ನೂ ಕೊಂಡಿದ್ದ. ಅದರಲ್ಲಿ ಅವನು ಹೊಡೆದ ಅತಿ ದೊಡ್ಡ ಬೇಟೆಯೆಂದರೆ ಪಕ್ಕದ ಮನೆಯವರ ತೋಟದ ನೀರಿನ ಪೈಪು.

ನಿಜವಾದ ಬೇಟೆಗಾರನೆಂದರೆ ಅವನ ಅಮ್ಮನ ಅಣ್ಣ, ಆರ್ಲಿಸ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಕೊಲೊರಾಡೊದ ಆ ಕಣಿವೆಯಲ್ಲಿ ಅರ್ಧ ಊರು ಅವನ ಬಸ್ಸಿನಲ್ಲಿ ಕೂತು ಅಕ್ಷರ ಕಲಿಯಲು ಹೋಗಿತ್ತು, ಉಳಿದರ್ಧ ಅವನ ಹಿಂದೆ ಬೆಟ್ಟ ಹತ್ತಿ ಬೇಟೆ ಕಲಿತಿತ್ತು. ಬೆದೆಗೆ ಬಂದ ಗಂಡು ಎಲ್ಕನ್ನು ಹೆಣ್ಣಿನ ದನಿ ತೆಗೆದು ಕರೆಯುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ.

"ನಿಮ್ಮಾವ ಮನಸ್ಸು ಮಾಡಿ ಕೂಗಿದ್ರೆ ತವರಿಗೆ ಹೋದ ನನ್ನ ಹೆಂಡ್ತಿನೂ ವಾಪಸ್ ಬರ್ತಾಳೆ ಕಣೋ," ಎಂದು ಗಿರಾಕಿಯೊಬ್ಬ ಕೋಲ್ಬಿಗೆ ಹೇಳಿದ್ದ. "ಅದಕ್ಕೇ ನಾನು ಅವನ ಹತ್ರ ಕೂಗಿಸ್ತಿಲ್ಲ."

ಆದರೆ ಈ ಕೂಗುವ ಕೆಲಸಕ್ಕೆ ಒಂದು ಶಾಪವಿದೆ. ಬಿಲ್ಲು ಹಿಡಿದವನು ಮುಂದೆ ಕೂರುತ್ತಾನೆ, ಕೂಗುವವನು ಅವನಿಂದ ಹಿಂದಕ್ಕೆ, ಪೊದೆಯ ಮರೆಯಲ್ಲಿ. ಗಂಡು ಆ ದನಿಯನ್ನೇ ಹುಡುಕಿಕೊಂಡು ಬರುವಾಗ ಮುಂದಿನವನ ಪಕ್ಕದಲ್ಲೇ ಹಾದುಹೋಗುತ್ತದೆ. ಕೂಗಿದವನಿಗೆ ಸಿಗುವುದು ಹೊಗಳಿಕೆ ಮತ್ತು ಒಂದು ತೊಡೆ ಮಾಂಸ. ಆರ್ಲಿಸ್ ಜೀವಮಾನವೆಲ್ಲ ಹಿಂದೆಯೇ ಕೂತಿದ್ದ. ತಮ್ಮಂದಿರಿಗೆ ಕೂಗಿದ, ಅಳಿಯಂದಿರಿಗೆ ಕೂಗಿದ, ಒಂದು ವರ್ಷ ಪಾದ್ರಿಗೂ ಕೂಗಿದ. ಅವನ ಮನೆಯ ಗೋಡೆಯ ಮೇಲೆ ಒಂದು ಕೊಂಬೂ ಇರಲಿಲ್ಲ.

ಅವನ ಆಸೆಯೆಲ್ಲ ಊರಿನ ಹಿಂದಿನ ಬ್ಲೈಂಡ್ ಮ್ಯೂಲ್ ಬೆಟ್ಟದ ಮೇಲಿತ್ತು. ಅಲ್ಲಿನ ಗಂಡುಗಳು ಬೇರೆಯದೇ ತಳಿಯೇನೋ ಎನ್ನುವಷ್ಟು ದೊಡ್ಡವು. ಅಲ್ಲಿ ಬೇಟೆಗೆ ಲಾಟರಿ ಎತ್ತಿ ಕೆಲವರಿಗಷ್ಟೇ ಪರವಾನಗಿ ಕೊಡುತ್ತಾರೆ. ಚೀಟಿ ಬರದ ವರ್ಷ ಒಂದು ಪಾಯಿಂಟು ಸೇರುತ್ತದೆ, ಪಾಯಿಂಟು ಹೆಚ್ಚಿದ್ದವನ ಸರದಿ ಮೊದಲು ಬರುತ್ತದೆ, ಚೀಟಿ ಬಂದ ದಿನ ಎಲ್ಲ ಪಾಯಿಂಟೂ ಅಳಿಸಿ ಸೊನ್ನೆಯಾಗುತ್ತದೆ. ಆರ್ಲಿಸ್ ಕೋಲ್ಬಿಗೆ ಮೀಸೆ ಮೂಡುವ ಮುಂಚಿನಿಂದ ಪಾಯಿಂಟು ಕೂಡಿಡುತ್ತಿದ್ದ. ಆ ವರ್ಷ ಅವನ ಸರದಿ ಬರುವುದು ಖಚಿತವಿತ್ತು, ಮತ್ತು ಇನ್ನೊಂದು ಸರದಿ ಬರುವಷ್ಟು ಆಯಸ್ಸು ಅವನಿಗೆ ಉಳಿದಿಲ್ಲವೆಂಬುದೂ ಅಷ್ಟೇ ಖಚಿತವಿತ್ತು.

ಏಪ್ರಿಲ್‌ನ ಒಂದು ಭಾನುವಾರ ಕೋಲ್ಬಿ ಮಾವನ ಲಾಟರಿ ಅರ್ಜಿ ತುಂಬಲು ಅವನ ಅಡುಗೆಮನೆಯಲ್ಲಿ ಫೋನು ಹಿಡಿದು ಕೂತ. ಮಾವನಿಗೆ ಫೋನೆಂದರೆ ಮಾತಾಡುವ ವಸ್ತುವಷ್ಟೇ. ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಕೇಪಿನ ಕೋವಿಯೊಂದನ್ನು ಬಿಚ್ಚಿ ಇಟ್ಟಿದ್ದ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಕಡ್ಡಿಯಿಂದ ಗಟ್ಟಿಸಿ ಹೊಡೆಯುವ ಕೋವಿ ಅದು. ಕಾಫಿಯ ಪರಿಮಳಕ್ಕಿಂತ ಎಣ್ಣೆಯ ವಾಸನೆಯೇ ಜೋರಾಗಿತ್ತು. ಮಾರುವುದಕ್ಕೆ ತೆಗೆದಿರಬೇಕು ಅಂದುಕೊಂಡ ಕೋಲ್ಬಿ.

"ಬಿಲ್ಲೋ, ಕೋವಿಯೋ? ಎರಡಕ್ಕೂ ಕೊಡಲ್ಲ ಅವ್ರು, ಒಂದೇ ಒತ್ಬೇಕು," ಎಂದ ಆರ್ಲಿಸ್. "ನೀನೇನಂತೀಯ?"

"ನಾನೇನನ್ನಲಿ? ಹೊಡೆಯೋನು ನೀನು."

"ಈ ಸಲ ಕೂಗೋನು ನೀನಲ್ವಾ? ಹೇಳು ಮಾರಾಯ."

ಹೇಳುತ್ತ ಕಾಫಿ ಬಗ್ಗಿಸಿದ, ಎಡಗೈಯಲ್ಲಿ. ಹಿಂದೊಂದು ಚಳಿಗಾಲ ಬಸ್ಸಿನ ಚಕ್ರಕ್ಕೆ ಸರಪಳಿ ಹಾಕುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಿದ್ದ. ಅಂದಿನಿಂದ ಅವನ ಬಲಭುಜ ಭಾರ ಎತ್ತುತ್ತಿರಲಿಲ್ಲ. ಕೋಲ್ಬಿ ಅದನ್ನು ಕಂಡ. ಕಂಡದ್ದನ್ನು ಪಕ್ಕಕ್ಕಿಟ್ಟ.

ಅವನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. ಬಿಲ್ಲಿನವರಿಗೆ ಸೆಪ್ಟೆಂಬರ್ ತಿಂಗಳಿಡೀ ಬೇಟೆ. ಅವನಿಗೆ ಆ ತಿಂಗಳ ಕೊನೆಯ ವಾರ ಹೇಗೂ ರಜೆ ಇತ್ತು. ಕೋವಿಯವರಿಗೆ ಸಿಗುವುದು ತಿಂಗಳ ನಡುವಿನ ವಾರವೊಂದೇ. ಆ ವಾರ ಅಂಗಡಿಯ ಇನ್ನೊಬ್ಬ ಕೆಲಸಗಾರ ವರ್ಷವೂ ರಜೆ ಹೋಗುತ್ತಾನೆ. ಅಂದರೆ ಕೋಲ್ಬಿ ಒಡತಿ ನೆಟ್ಟಿಯನ್ನು ರಜೆ ಕೇಳಬೇಕು. ರಜೆ ಕೇಳಿದವನನ್ನು ನೆಟ್ಟಿ ನೋಡುವ ನೋಟ, ಕತ್ತರಿಸಲು ಕೀಲು ಎಲ್ಲಿದೆಯೆಂದು ಹುಡುಕುವ ನೋಟ. ಆ ನೋಟದ ಮುಂದೆ ನಿಲ್ಲುವುದಕ್ಕಿಂತ ಮಾವನನ್ನು ಹೊಗಳುವುದು ಸುಲಭವಿತ್ತು.

"ಕೋವಿನಾ? ಮಾವ, ನೀನು ಬಿಲ್ಲಿನವನು! ಆ ಹೊಗೆ ಕೊಳವೆ ಹಿಡ್ಕೊಂಡು, ಕೋವಿಯವ್ರ ಕಿತ್ತಳೆ ಅಂಗಿ ಹಾಕ್ಕೊಂಡು ಬೆಟ್ಟ ಹತ್ತಿದ್ರೆ ಊರವ್ರು ನಗಲ್ವಾ? ಬಿಲ್ಲೇ ಇರಲಿ ಮಾವ."

ಆರ್ಲಿಸ್ ಕೋವಿಯ ನಳಿಗೆಯನ್ನು ಪಕ್ಕಕ್ಕೆ ಸರಿಸಿದ.

"ಅಷ್ಟು ನಂಬಿಕೆನಾ ನಿಂಗೆ ನನ್ ಮೇಲೆ?"

"ಇಲ್ದೆ ಏನು?"

"ಹಾಗಾದ್ರೆ ಒತ್ತು."

ಕೋಲ್ಬಿ ಒತ್ತಿದ. ಮಾವ ಕೋವಿಯ ಭಾಗಗಳನ್ನು ಒಂದೊಂದಾಗಿ ಒರೆಸಿ, ಜೋಡಿಸಿ, ಹಳೇ ಹೊದಿಕೆಯಲ್ಲಿ ಸುತ್ತಿ ಒಳಗೆ ಇಟ್ಟುಬಂದ.

ಚೀಟಿ ಬಂತು. ಬೇಸಿಗೆಯುದ್ದಕ್ಕೂ ಆರ್ಲಿಸ್ ಹಿತ್ತಲಿನಲ್ಲಿ ಒಣಹುಲ್ಲಿನ ಹೊರೆ ನಿಲ್ಲಿಸಿ ಬಿಲ್ಲು ಎಳೆದ. ಬಿಲ್ಲಿನ ಬಿಗಿಯನ್ನು ಕಾನೂನು ಒಪ್ಪುವ ಕನಿಷ್ಠ ಮಟ್ಟಕ್ಕೆ ಇಳಿಸಿಕೊಂಡಿದ್ದ. ಜುಲೈ ಬಿಸಿಲಿಗೆ ಭುಜ ಸಡಿಲವಾಗಿ ಹೆದೆ ಕೆನ್ನೆಯವರೆಗೆ ಬರುತ್ತಿತ್ತು, ಬಾಣಗಳು ಒತ್ತೊತ್ತಾಗಿ ನಾಟುತ್ತಿದ್ದವು. ಹೆದೆ ಕೆನ್ನೆ ಮುಟ್ಟಿದಾಗೆಲ್ಲ ಕೋಲ್ಬಿಗೆ, ಟಿಕೆಟ್ಟಿಲ್ಲದೆ ಕೂತವನ ಸೀಟು ದಾಟಿ ಕಂಡಕ್ಟರ್ ಹೋದಷ್ಟು ಸಮಾಧಾನ.

ಅವನೂ ಸುಮ್ಮನಿರಲಿಲ್ಲ. ಅಂಗಡಿಯ ಶೀತಲ ಕೋಣೆಯಲ್ಲಿ ನಿಂತು ಹೆಣ್ಣೆಲ್ಕಿನ ಕೂಗು ಕಲಿತ. ಹೊರಗಿನಿಂದ ನೆಟ್ಟಿ, "ಯಾವನೋ ಅಲ್ಲಿ, ಒಳಗ್ಹೋಗಿ ನೋಡಿ. ನೇತು ಹಾಕಿದ್ರಲ್ಲಿ ಒಂದು ಇನ್ನೂ ಸತ್ತಿಲ್ಲ!" ಎಂದು ಕಿರುಚಿದ್ದಳು.

ಸೆಪ್ಟೆಂಬರಿನ ಕೊನೆಯ ವಾರ ಬೆಟ್ಟದ ಮೇಲೆ ಆಸ್ಪೆನ್ ಮರಗಳೆಲ್ಲ ಹಳದಿಯಾಗಿದ್ದವು, ಬೆಳಗಿನ ಹುಲ್ಲು ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ಮೊದಲೆರಡು ದಿನ ಕೋಲ್ಬಿ ಕೂಗಿದ್ದೇ ಬಂತು. ಬಂದದ್ದು ಒಂದು ಮುಳ್ಳುಹಂದಿ.

"ನಿನ್ ದನಿಗೆ ತಕ್ಕ ವರ," ಎಂದ ಮಾವ.

ಮೂರನೇ ಬೆಳಗ್ಗೆ ಕಣಿವೆಯ ಕೆಳಗಿನಿಂದ ಉತ್ತರ ಬಂತು. ಕೊಳಲಿನಂತೆ ಮೇಲೇರಿ, ಗೊಗ್ಗರು ಗುಟುರಿನಲ್ಲಿ ಮುಗಿಯುವ ಗಂಡಿನ ಕೂಗು. ಆರ್ಲಿಸ್ ಮುಂದೆ ಒಂದು ಮರದ ಪಕ್ಕ ಮಂಡಿಯೂರಿದ. ಕೋಲ್ಬಿ ಹಿಂದೆ ಪೊದೆಯಲ್ಲಿ ಕೂತು ಮತ್ತೊಮ್ಮೆ ಕೂಗಿದ. ಅಂಥ ಕೂಗು ಅವನ ಗಂಟಲಿಂದ ಹಿಂದೆ ಎಂದೂ ಬಂದಿರಲಿಲ್ಲ, ಮುಂದೂ ಬರಲಿಲ್ಲ. ಕೊಂಬೆಗಳು ಮುರಿದವು. ಗಂಡು ಬಂತು. ಬೆನ್ನ ಮೇಲೆ ಮಲಗಿದಷ್ಟು ಉದ್ದದ ಕೊಂಬು, ಕೆಸರು ಮೆತ್ತಿದ ಕಪ್ಪು ಕುತ್ತಿಗೆ, ಬಾಯಿಂದ ಹಬೆ. ಕಲಿಸಿಕೊಟ್ಟ ಪಾಠದಂತೆ ಆರ್ಲಿಸ್‌ನ ಮುಂದೆಯೇ, ಚೆಂಡೆಸೆದರೆ ತಾಗುವ ದೂರದಲ್ಲಿ, ಪಕ್ಕೆ ತೋರಿಸಿ ನಿಂತಿತು. ತಲೆ ಮರದ ಬೊಡ್ಡೆಯ ಹಿಂದಿತ್ತು. ಎಳೆಯಬೇಕಾದ ಗಳಿಗೆ ಅದೇ.

ಕೋಲ್ಬಿಗೆ ಕಾಣುತ್ತಿದ್ದದ್ದು ಮಾವನ ಬೆನ್ನು ಮಾತ್ರ. ಬಿಲ್ಲು ಮೇಲೆದ್ದಿತು. ಹೆದೆ ಅರ್ಧ ಹಿಂದೆ ಬಂತು. ಅಲ್ಲೇ ನಿಂತಿತು. ಹಿತ್ತಲಿನ ಜುಲೈ ಬಿಸಿಲು ಅಲ್ಲಿರಲಿಲ್ಲ. ಮೊಣಕೈ ನಡುಗಿತು, ಆಮೇಲೆ ಇಡೀ ಬೆನ್ನು ನಡುಗಿತು. ಹೆದೆ ಮೆಲ್ಲಗೆ ಮುಂದಕ್ಕೆ ಹೋಯಿತು. ಗಂಡು ಇನ್ನೂ ನಿಂತೇ ಇತ್ತು. ಆರ್ಲಿಸ್ ಮತ್ತೆ ಎಳೆದ. ಈ ಸಲ ಅರ್ಧವೂ ಬರಲಿಲ್ಲ. ಕೋವಿಯಾಗಿದ್ದರೆ ಮರಕ್ಕೆ ಆನಿಸಿ ಬೆರಳು ಮಡಚಿದರೆ ಸಾಕಿತ್ತು, ಮುದುಕನಿಗೂ, ಮಗುವಿಗೂ. ಗಂಡು ತಲೆ ಹೊರಳಿಸಿತು, ನಡುಗುವ ಮನುಷ್ಯನನ್ನು ನೋಡಿತು, ಬಂದ ದಾರಿಯಲ್ಲೇ ಕೊಂಬೆ ಮುರಿಯುತ್ತ ಇಳಿದುಹೋಯಿತು.

ಕೋಲ್ಬಿ ಹತ್ತಿರ ಬಂದಾಗ ಆರ್ಲಿಸ್ ಬಾಣವನ್ನು ಬತ್ತಳಿಕೆಗೆ ಸೇರಿಸುತ್ತಿದ್ದ.

"ಚೆನ್ನಾಗಿ ಕೂಗ್ದೆ ಕಣೋ," ಎಂದ. ಮುಖ ತಿರುಗಿಸಲಿಲ್ಲ. "ನಾನೇ ಹೆಣ್ಣು ಅಂದ್ಕೊಂಡೆ."

ಉಳಿದ ದಿನಗಳಲ್ಲಿ ಅವನು ಬಿಲ್ಲನ್ನು ಡೇರೆಯಿಂದ ಹೊರಗೆ ತರಲಿಲ್ಲ. ವಾಪಸು ಬರುವಾಗ ಟ್ರಕ್ಕಿನಲ್ಲಿ, ಊರಿನ ಮೊದಲ ಪೆಟ್ರೋಲ್ ಬಂಕು ಕಂಡಾಗ ಆರ್ಲಿಸ್ ಬಾಯಿಬಿಟ್ಟ.

"ನಾನಾಗೇ ಕೋವಿ ಅನ್ನೋಕೆ ಆಗ್ಲಿಲ್ಲ ನೋಡು. ಕೈಲಾಗಲ್ಲ ಅಂತ ಒಪ್ಕೊಂಡ ಹಾಗಾಗುತ್ತಲ್ಲ. ನೀನು ಅಂತೀಯೇನೋ ಅಂತ ಕಾದೆ. ನೀನು ಅಂದಿದ್ರೆ, 'ಈ ಹುಡ್ಗನ ಹಟ' ಅಂತ ಬೈಕೊಂಡು ಹಿಡೀತಿದ್ದೆ." ನಕ್ಕ. "ನೀನೋ, ನನ್ನ ಮೇಲೆ ನಂಬಿಕೆ ಇಟ್ಟೆ. ಅದು ಬಿಡು, ಅದೂ ಒಳ್ಳೇದೇ."

ನಂಬಿಕೆಯಲ್ಲ ಮಾವ, ನೆಟ್ಟಿಯ ಭಯ ಎಂದು ಕೋಲ್ಬಿ ಹೇಳಬೇಕಿತ್ತು. ಪೆಟ್ರೋಲ್ ಬಂಕು ಹಿಂದೆ ಸರಿಯಿತು. ಚರ್ಚು ಬಂತು, ಅದೂ ಸರಿಯಿತು. ಅಂಗಡಿ ಬಂತು.

ಆರ್ಲಿಸ್ ಸಾಸೇಜ್ ಕೊಳ್ಳಲು ಒಳಗೆ ಬಂದ. ಗಲ್ಲಾದಲ್ಲಿದ್ದ ನೆಟ್ಟಿ ಅವನ ಬರಿಗೈ ನೋಡಿ ಎದ್ದು ನಿಂತಳು. ಅವಳ ಮೂರು ಮಕ್ಕಳೂ ಅವನ ಬಸ್ಸಿನಲ್ಲಿ ಬೆಳೆದವರು.

"ಏನೂ ಇಲ್ವಾ? ಅಲ್ಲ ಆರ್ಲಿಸ್, ಆ ಭುಜ ಇಟ್ಕೊಂಡು ಬಿಲ್ಲು ಯಾಕಪ್ಪಾ ತಗೊಂಡೆ? ಕೋವಿ ವಾರ ಹೋಗ್ಬಾರ್ದಿತ್ತಾ?"

"ಈ ಹುಡ್ಗಂಗೆ ಆ ವಾರ ಇಲ್ಲಿ ಕೆಲ್ಸ ಅಲ್ವಾ?" ಎಂದ ಆರ್ಲಿಸ್, ಮಾತಿಗೆ ಮಾತು ಎಂಬಂತೆ.

"ಇವನು ಕೇಳಿದ್ನಾ? ನಿನಗೋಸ್ಕರ ಅಂದಿದ್ರೆ ಅಂಗಡಿಗೇ ಬೀಗ ಹಾಕ್ತಿದ್ದೆ. ಕೇಳೇ ಇಲ್ಲ ಇವ್ನು!"

ಆರ್ಲಿಸ್ ತಿರುಗಿ ಕೋಲ್ಬಿಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಡುಗೆಮನೆಯ ಆ ಭಾನುವಾರವನ್ನು ಅವನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನಡೆದು ನೋಡುತ್ತಿದ್ದ, ಅಷ್ಟೇ. ನೋಡಿ ಮುಗಿಸಿದ.

"ಇವನದೇನೂ ಇಲ್ಲ ನೆಟ್ಟಿ," ಎಂದ. "ಕೋವಿ ಅಂತ ಬಡ್ಕೊಂಡ ಪಾಪ. ನಾನೇ ಕೇಳ್ಲಿಲ್ಲ. ಮುದುಕರ ಹಟ ಗೊತ್ತಲ್ಲ."

"ನಿಮಗೆಲ್ಲ ಬುದ್ಧಿ ಯಾವಾಗ ಬರುತ್ತೋ," ಎಂದು ನೆಟ್ಟಿ ಕೂತಳು.

ಕೋಲ್ಬಿ ಒಳಹೋಗಿ ಏಪ್ರನ್ ಕಟ್ಟಿಕೊಂಡ. ಸಾಸೇಜ್ ತೂಗಿ ಕಾಗದದಲ್ಲಿ ಸುತ್ತಿದ. ರೂಢಿಯ ಕೈ ಪೆನ್ನು ತೆಗೆದು ಹೊಡೆದವನ ಹೆಸರು ಬರೆಯಲು ಹೊರಟದ್ದನ್ನು ತಡೆದು, ಪೊಟ್ಟಣವನ್ನು ಹಾಗೇ ಮುಂದೆ ಚಾಚಿದ.

"ಮಾವ, ಅವತ್ತು ನಾನು..."

"ಆ ಕಡೆ ಜನ ಕಾಯ್ತಿದಾರೆ ನೋಡು," ಎಂದ ಆರ್ಲಿಸ್. ಪೊಟ್ಟಣವನ್ನು ಎಡಗೈಗೆ ತೆಗೆದುಕೊಂಡು, ಬಾಗಿಲನ್ನು ಬೆನ್ನಿನಿಂದ ತಳ್ಳಿ ಹೊರಗೆ ಹೋದ. ಹಿಂಬಾಗಿಲಲ್ಲಿ ಯಾರೋ ಟ್ರಕ್ಕಿನ ಹಾರನ್ ಒತ್ತಿದರು. ಕೋಲ್ಬಿ ಚಾಕು ಮಸೆಯತೊಡಗಿದ.