ತಾರಸಿಯ ಬಿಸಿಲಿಗೆ ಹಾಕಿದ ಕೌದಿ

ಅಥವಾ ಅದು ಫೆಬ್ರವರಿ ಅಲ್ಲವೇನೋ. ಒಡೆದ ತುಟಿ, ಒಣಗಾಳಿ, ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಬರೆಯುವಷ್ಟು ಧೂಳು: ಯಲಹಂಕದಲ್ಲಿ ಇವು ಮೊದಲ ಮಳೆ ಬರುವ ತನಕವೂ ಇರುತ್ತವೆ. ನಾನು ಎಲ್ಲವನ್ನೂ ಒಂದೇ ತಿಂಗಳೊಳಗೆ ತುರುಕಿಟ್ಟಿದ್ದೇನೆ. ವರ್ಷ ೨೦೧೩ ಇರಬೇಕು, ಮಗಳು ಒಂದನೇ ಕ್ಲಾಸಿನಲ್ಲಿದ್ದಳು. ಅವಳಿಗೆ ಉಬ್ಬಸ ಶುರುವಾಗಿತ್ತು ಎಂಬುದಷ್ಟೇ ಖಚಿತ.

"ಮನೇಲಿ ಧೂಳು ಕಡಿಮೆ ಮಾಡಿ ನೋಡಿ. ಆರು ವಾರದಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ದಿನಾ ಇನ್‌ಹೇಲರ್ ಕೊಡ್ಬೇಕಾಗುತ್ತೆ" ಎಂದಿದ್ದರು ಡಾಕ್ಟರು.

ಇನ್‌ಹೇಲರ್ ಎಂದರೆ ಸೋಲು ಅನ್ನಿಸುತ್ತಿತ್ತು ನನಗೆ. ಯಾಕೆಂದು ಈಗ ಹೇಳಲಾರೆ. ಪರದೆಗಳನ್ನು ಕಿತ್ತೆ. ಪೊರಕೆ ಬಿಟ್ಟು ಒದ್ದೆ ಬಟ್ಟೆ ಹಿಡಿದೆ. ಫ್ಯಾನಿನ ರೆಕ್ಕೆ ಒರೆಸಿದೆ. ಬೊಂಬೆಗಳು ಅಟ್ಟ ಸೇರಿದವು. ಉಳಿದದ್ದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅವ್ವ ಹೊಲಿದದ್ದು, ಅದಿಲ್ಲದೆ ಮಗಳು ಮಲಗುತ್ತಿರಲಿಲ್ಲ. ಹಾಸಿಗೆ ಹೊದಿಕೆಗಳನ್ನೆಲ್ಲ ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆಯಬೇಕಿತ್ತು. ನನಗೆ ನೆರವಾಗಲೆಂದು ಧಾರವಾಡದಿಂದ ಬಂದಿದ್ದ ಅವ್ವ ಒಪ್ಪಲಿಲ್ಲ.

"ಕುದಿಯೋ ನೀರಾಗ ಹಾಕಿದ್ರ ಹೊಲಿಗಿ ಬಿಚ್ಚತೈತಿ. ಬಿಸಲಿಗೆ ಹಾಕವಾ, ಹುಳಾ ಎಲ್ಲಾ ಸಾಯ್ತಾವು."

"ಡಾಕ್ಟರು ತೊಳೀರಿ ಅಂದಾರ."

"ನಿನ್ನ ಡಾಕ್ಟರಗ ಕೌದಿ ಹೊಲ್ಯಾಕ ಬರತೈತೇನ?"

ಬಿಸಿಲಿನ ಮೇಲೆ ನನಗೂ ಅವ್ವನಷ್ಟೇ ನಂಬಿಕೆ. ಕೌದಿ, ದಿಂಬುಗಳನ್ನು ತಾರಸಿಗೆ ಹೊತ್ತು, ಕೋಲಿನಿಂದ ಬಡಿದು, ಗೋಡೆಯ ಮೇಲೆ ಹರವುತ್ತಿದ್ದೆ. ಸಂಜೆ ಬಿಸಿಬಿಸಿಯಾಗಿರುವಾಗಲೇ ತಂದು ಹಾಸುತ್ತಿದ್ದೆ. ಮಗಳ ಉಬ್ಬಸ ಹೆಚ್ಚಾಯಿತು. ಬಿಸಿಲು ಸಾಲದೆಂದು, ವಾರಕ್ಕೊಮ್ಮೆ ಮಾಡುತ್ತಿದ್ದುದನ್ನು ದಿನವೂ ಮಾಡಿದೆ.

ಸಂಡಿಗೆ ಒಣಗಿಸಲು ಮೇಲೆ ಬಂದ ಮನೆ ಓನರಮ್ಮ ಒಂದು ಬೆಳಿಗ್ಗೆ ನನ್ನನ್ನೇ ನೋಡುತ್ತ ನಿಂತರು. ಊರಿನ ಹಳೇ ಮನೆತನದವರು.

"ಏನಮ್ಮಾ, ದಿನಾ ಇದ್ನ ಇಲ್ಲೇ ಆಕ್ತೀಯಾ?"

"ಹೌದು ಆಂಟಿ, ಮಗಳಿಗೆ ಉಬ್ಬಸ ಅಲ್ವಾ, ಅದಕ್ಕೇ."

"ಅಯ್ಯೋ, ಪಕ್ಕದ್ ಸೈಟ್ ನೋಡು. ಪಾರ್ಥೇನಿಯಂ ಇಂಗೆ ಆಳುದ್ದ ಒಣಗಿ ನಿಂತೈತೆ. ಗಾಳಿ ಬಂದ್ರೆ ಅದರ ಪುಡಿಯೆಲ್ಲಾ ಇಲ್ಲೇ ಬಂದು ಕೂತ್ಕಂತದೆ. ನಾನು ಸಂಡಿಗೆಗೇ ಬಟ್ಟೆ ಮುಚ್ತೀನಿ ಕಣಮ್ಮಾ, ನೀನು ಮಗು ಒದ್ಕೊಳೋದ್ನ ಬಿಚ್ಚಿ ಆಕಿದ್ದೀಯಲ್ಲ!"

ಆಗ ನಾನು ಒದ್ದೆ ಬಿಳಿ ಬಟ್ಟೆಯಿಂದ ಕೌದಿಯನ್ನು ಒರೆಸಿದೆ, ಬಟ್ಟೆ ಹಳದಿಯಾಯಿತು ಎಂದು ಬರೆಯಲು ಆಸೆಯಾಗುತ್ತದೆ. ಒರೆಸಿದ ನೆನಪಿಲ್ಲ. ಆ ಹಳದಿಯನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಓನರಮ್ಮ ಹೇಳಿದ್ದನ್ನು ಅವ್ವನಿಗೆ ಹೇಳಿದೆ. ಮಧ್ಯಾಹ್ನ ಅವಳು ಕತ್ತರಿ ಹಿಡಿದು ಕೂತಳು. ತಾನೇ ಹಾಕಿದ್ದ ಹೊಲಿಗೆಯನ್ನು ಸಾಲು ಸಾಲಾಗಿ ಕತ್ತರಿಸಿ, ಕೌದಿಯನ್ನು ಮತ್ತೆ ಬಿಡಿ ಸೀರೆಗಳನ್ನಾಗಿ ಮಾಡಿದಳು. "ಈಗ ತೊಳಿ. ಒಂದೊಂದಾದ್ರ ಫ್ಯಾನಿನ ಕೆಳಗೂ ಒಣಗತಾವು" ಎಂದಳು. ಸಿಟ್ಟಿತ್ತೋ ದುಃಖವೋ, ತಿಳಿಯಲಿಲ್ಲ. ನಾನು ಮುಖ ನೋಡಲಿಲ್ಲ. ಮಗಳು ಒಂದು ಸೀರೆ ಆರಿಸಿಕೊಂಡು ಅದನ್ನೇ ಹೊದ್ದಳು.

ಆ ವಾರವೇ ಇನ್‌ಹೇಲರನ್ನೂ ತಂದೆವು. ಆರು ವಾರ ಮುಗಿದಿತ್ತು. ಅದೇ ವಾರವೋ ಅದರ ಮರುವಾರವೋ ಮಳೆ ಬಂತು. ಪಕ್ಕದ ಸೈಟಿಗೆ ಜೆಸಿಬಿ ಬಂದು ಗಿಡಗಳನ್ನು ಕಿತ್ತುಹಾಕಿತು. ಮಳೆಗಿಂತ ಮೊದಲೋ ಆಮೇಲೋ, ಹೇಳಲಾರೆ. ತಿಂಗಳೊಳಗೆ ಮಗಳು ಸಲೀಸಾಗಿ ಉಸಿರಾಡುತ್ತಿದ್ದಳು.

ಯಾವುದರಿಂದ ವಾಸಿಯಾಯಿತೆಂದು ಡಾಕ್ಟರನ್ನು ಕೇಳಬಹುದಿತ್ತು. ಕೇಳಿದ್ದರೆ ಯಾವುದರಿಂದ ಹೆಚ್ಚಾಯಿತೆಂದೂ ಕೇಳಬೇಕಾಗುತ್ತಿತ್ತು. ಮನೆಯ ಧೂಳೆಲ್ಲ ಒರೆಸಿ, ಪ್ರತಿ ಸಂಜೆ ಕೌದಿಯ ಜೊತೆಗೆ ಎರಡು ಕೈಯಲ್ಲಿ ತಬ್ಬಿಕೊಂಡು ಅವಳ ಉಬ್ಬಸವನ್ನು ನಾನೇ ತಾರಸಿಯಿಂದ ಕೆಳಗೆ ಹೊತ್ತು ತರುತ್ತಿದ್ದೆನೇ? ನನಗೆ ಗೊತ್ತಿಲ್ಲ.