ಬರೀ ನೀರು

ನಮ್ಮ ಊರಿನ ಪೋಸ್ಟ್‌ಮ್ಯಾನ್ ಗುರುವಾಯನಕೆರೆ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದರು. ಅಂಗಳದಲ್ಲಿ ಮೊದಲು ಹೆಲ್ಮೆಟ್ ತೆಗೆದು ತಲೆ ಒರೆಸಿಕೊಂಡೇ ಕಾಗದ ಕೊಡುವುದು. ಅಷ್ಟರಲ್ಲಿ ಅಮ್ಮ ಚೆಂಬು ನೀರು, ಒಂದು ತುಂಡು ಬೆಲ್ಲ ತಂದಿರುತ್ತಿದ್ದರು. ನಮ್ಮಲ್ಲಿ ಬಂದವರಿಗೆ ಬರೀ ನೀರು ಕೊಡುವ ಕ್ರಮವಿಲ್ಲ.

"ಕೊಟ್ಟ ಬೆಲ್ಲ ಬೇಡ ಹೇಳ್ಲಿಕ್ಕುಂಟಾ ಅಕ್ಕ?" ಎನ್ನುತ್ತ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅವರ ಮೂತ್ರಪಿಂಡದಲ್ಲಿ ಕಲ್ಲು ಕಂಡಾಗ ಡಾಕ್ಟರು ತುಂಬ ನೀರು ಕುಡಿಯಲು ಹೇಳಿದರು. ಶಿಸ್ತಿನ ಮನುಷ್ಯ, ಹೋದ ಮನೆಯಲ್ಲೆಲ್ಲ ಕೇಳಿ ಕುಡಿದರು. ಹೋದ ಮನೆಯಲ್ಲೆಲ್ಲ ಬೆಲ್ಲವೂ ಬಂತು.

ಕೊನೆಗೆ ನೋವು ತಡೆಯಲಾಗದೆ ಮೂಡುಬಿದಿರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಲೇಬೇಕಾಯಿತು. ಕಲ್ಲು ಹೋಯಿತು, ಜ್ವರ ಹೋಗಲಿಲ್ಲ. ನಾನು ನೋಡಲು ಹೋದ ದಿನ ಡಾಕ್ಟರು ಮಂಚದ ಪಕ್ಕ ನಿಂತು ಗದರುತ್ತಿದ್ದರು.

"ರಕ್ತದಲ್ಲಿ ಸಕ್ಕರೆ ಇಷ್ಟಿದ್ರೆ ಸೋಂಕು ಇಳಿಯುವುದು ಕಷ್ಟ. ಕಲ್ಲು ಪುನಃ ಆಗ್ಲಿಕ್ಕೂ ಸಾಕು. ಸಿಹಿ ಎಂತ ತಿಂತೀರಿ?"

"ಎಂತದೂ ಇಲ್ಲ ಡಾಕ್ಟ್ರೇ. ಚಾಕ್ಕೂ ಸಕ್ಕರೆ ಹಾಕುದಿಲ್ಲ. ನೀವು ಹೇಳಿದ ಹಾಗೆ ಬರೀ ನೀರು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಬೆಲ್ಲ ಅವರಿಗೆ ತಿಂಡಿಯಲ್ಲ, ನೀರಿನದೇ ಒಂದು ಭಾಗ. ನಾನೇ ಬಾಯಿಬಿಟ್ಟೆ. ಡಾಕ್ಟರು ಕೇಳಿದರು, "ದಿನಕ್ಕೆ ಎಷ್ಟು ಮನೆ?" ಪೋಸ್ಟ್‌ಮ್ಯಾನ್ ಬೆರಳು ಮಡಚುತ್ತಾ ಹೋಗಿ, ಅರ್ಧಕ್ಕೇ ನಿಲ್ಲಿಸಿ ತಲೆ ತಗ್ಗಿಸಿದರು.

ತಿಂಗಳು ಕಳೆದು, ಸೊರಗಿ, ಮತ್ತೆ ಬಂದರು. ಅಮ್ಮನ ಕೈಯಲ್ಲಿ ಅದೇ ಚೆಂಬು, ಅದೇ ಬೆಲ್ಲ. ನಾನು ತಡೆಯುವ ಮೊದಲೇ ಅವರು ಕೈಚಾಚಿದರು. ನೀರು ಕುಡಿದರು. ಅಮ್ಮ ಒಳಗೆ ತಿರುಗಿದ್ದೇ ಬೆಲ್ಲವನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದರು.

ಆಮೇಲೆ ಅವರು ವರ್ಗವಾಗಿ ಹೋಗುವವರೆಗೂ ನಮಗೆ ಬಂದ ಕಾಗದಗಳಿಗೆಲ್ಲ ಇರುವೆ ಹತ್ತಿರುತ್ತಿತ್ತು.